ಕೈ ಬಿಟ್ಟರೆ ನಿಲ್ಲುವ ಗಾಡಿ

ನಡೆಯಲು ಕಷ್ಟಪಡುವವರು ಕೂತು ಓಡಿಸುವ ಬ್ಯಾಟರಿ ಗಾಡಿಯೇ ಮೊಬಿಲಿಟಿ ಸ್ಕೂಟರ್. ಮೂರೋ ನಾಲ್ಕೋ ಸಣ್ಣ ಚಕ್ರ, ತಿರುಗುವ ಸೀಟು, ಮುಂದೊಂದು ಹ್ಯಾಂಡಲ್ಲು. 1968ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಅಲನ್ ಥೀಮ್ ಎಂಬವರು ನರರೋಗದಿಂದ ಬಳಲುತ್ತಿದ್ದ ಮನೆಯವರೊಬ್ಬರಿಗಾಗಿ ಇಂಥದ್ದೊಂದನ್ನು ಕಟ್ಟಿದರು. ಮುಂದೆ ಅದೇ ‘ಅಮಿಗೊ’ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಬೆಂಗಳೂರಿನ ಮಹದೇವಪುರದ ರಸ್ತೆಗಳಲ್ಲಿ ಇದಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಇದರ ದಾಯಾದಿ: ಹಿಂಚಕ್ರದ ಇಕ್ಕೆಲದಲ್ಲಿ ಎರಡು ಚಕ್ರ ಜೋಡಿಸಿದ ಮಾಮೂಲಿ ಸ್ಕೂಟರ್.

ಸಾಮಾನ್ಯ ಸ್ಕೂಟರಿನಲ್ಲಿ ಬ್ರೇಕ್ ಹಿಡಿಯಲು ಬಲ ಹಾಕಬೇಕು. ಮೊಬಿಲಿಟಿ ಸ್ಕೂಟರಿನಲ್ಲಿ ಎಲ್ಲ ತಿರುವುಮುರುವು. ಮೋಟಾರಿನ ಬ್ರೇಕನ್ನು ಸ್ಪ್ರಿಂಗು ಸದಾ ಒತ್ತಿ ಹಿಡಿದಿರುತ್ತದೆ. ವಿದ್ಯುತ್ ಹರಿದಾಗ ಮಾತ್ರ ಕಾಂತ ಅದನ್ನು ಎಳೆದು ಸಡಿಲಿಸುತ್ತದೆ. ಬ್ಯಾಟರಿ ಮುಗಿಯಲಿ, ವೈರು ಕಳಚಲಿ, ಓಡಿಸುವವರ ಬೆರಳು ಸೋತು ವೇಗದ ಲಿವರ್ ಕೈಬಿಡಲಿ, ಗಾಡಿ ನಿಲ್ಲುತ್ತದೆ. ಲಿವರಿನ ಸಂಕೇತಕ್ಕೂ ಇದೇ ಅನುಮಾನದ ಬುದ್ಧಿ. ಸರಿಯಿರುವ ಲಿವರ್ 0.5ರಿಂದ 4.5 ವೋಲ್ಟ್ ನಡುವೆ ಆಡುತ್ತದೆ ಎಂದಿಟ್ಟುಕೊಂಡರೆ, ತುಂಡಾದ ವೈರು 0 ಅಥವಾ 5 ತೋರಿಸುತ್ತದೆ. ಆ ಎರಡು ತುದಿಗಳನ್ನು ‘ಪೂರ್ತಿ ವೇಗ’ ಎಂದು ಓದದೆ ‘ದೋಷ’ ಎಂದು ಓದುವಂತೆ ತಂತ್ರಾಂಶ ಬರೆದಿರುತ್ತಾರೆ. ಲಿವರ್ ಒತ್ತಿಕೊಂಡೇ ಕೀ ತಿರುಗಿಸಿದರೂ ಗಾಡಿ ಕದಲುವುದಿಲ್ಲ.

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. ರೇಡಿಯೊ, ಮೊಬೈಲುಗಳ ಅಲೆಗಳಿಗೆ ಸಿಕ್ಕಿ ವಿದ್ಯುತ್ ಗಾಲಿಕುರ್ಚಿಗಳು ತಾವಾಗಿ ಚಲಿಸಬಲ್ಲವು ಎಂದು 1990ರ ದಶಕದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿತ್ತು. ಅಲೆಗಳನ್ನು ತಡೆದುಕೊಳ್ಳುವ ಪರೀಕ್ಷೆಗೆ ಈಗ ಗಾಲಿಕುರ್ಚಿಗಳ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 7176ರಲ್ಲೇ ಒಂದು ಭಾಗವಿದೆ.

ಆದರೆ ನಿಂತರೆ ಕ್ಷೇಮ ಎನ್ನುವುದು ಎಲ್ಲ ಕಡೆ ನಿಜವಲ್ಲ. ಮಹದೇವಪುರದ ಗ್ರಾಫೈಟ್ ಇಂಡಿಯಾ ಜಂಕ್ಷನ್ನಿನಂಥ ಕಡೆ, ಇಳಿದು ನಡೆಯಲಾಗದವರ ಗಾಡಿ ನಡುರಸ್ತೆಯಲ್ಲಿ ನಿಂತರೆ ಅದೇ ಅಪಾಯ. ಹೀಗಾಗಿ ದೋಷಗಳಲ್ಲಿ ದರ್ಜೆ ಬೇಕು: ಮೋಟಾರು ಬಿಸಿಯಾದರೆ ವೇಗ ತಗ್ಗಿಸಿ ದಡ ಸೇರಿಸುವುದು, ಲಿವರಿನ ಮಾತೇ ನಂಬಲಾಗದಿದ್ದರೆ ಮಾತ್ರ ನಿಲ್ಲಿಸುವುದು. ಈ ವಿಂಗಡಣೆ ಮಾಡುವ ತಂತ್ರಾಂಶದಲ್ಲಿ ತಪ್ಪಿದ್ದರೆ ತಂತಿ, ಸ್ಪ್ರಿಂಗು ಎಲ್ಲ ಚೆನ್ನಾಗಿದ್ದೂ ಫಲವಿಲ್ಲ.

ತಂತ್ರಾಂಶದ ತಪ್ಪಿಗೆ ‘ಬಗ್’ ಎಂಬ ಹೆಸರು ಬರಲು 1947ರ ಸೆಪ್ಟೆಂಬರ್‌ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದಲ್ಲಿ ಸಿಕ್ಕ ಪತಂಗವೇ ಕಾರಣ ಎಂಬ ಕತೆ ಇಲ್ಲಿನ ಐಟಿಪಿಎಲ್ ತಂತ್ರಜ್ಞಾನ ಪಾರ್ಕಿನ ಸುತ್ತಿನ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತು. ಪತಂಗ ನಿಜ, ಕಾರಣ ಸುಳ್ಳು. ಎಡಿಸನ್ 1878ರಲ್ಲೇ ಆ ಪದ ಬಳಸಿದ್ದರು. ಕಚೇರಿಯ ಕಂಪ್ಯೂಟರಿನಲ್ಲಿ ಬಗ್ ಹುಡುಕಿ ತೆಗೆಯುವವರು, ಅಂದರೆ ಡಿಬಗ್ ಮಾಡುವವರು, ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ ಒಳಗೆ ಇಣುಕುತ್ತಾರೆ. ಓಡುವ ಮೋಟಾರಿನಲ್ಲಿ ಅದು ಸಲ್ಲದು. ನಡುವೆ ನಿಲ್ಲಿಸಿದರೆ ಕರೆಂಟು ಹರಿಯುತ್ತಲೇ ಉಳಿದು ಮೋಟಾರನ್ನು ನಡೆಸುವ ಕಂಟ್ರೋಲರ್ ಸುಟ್ಟುಹೋದೀತು. ಅದಕ್ಕೇ ನಿಜವಾದ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ರಸ್ತೆ, ಏರು, ಬ್ಯಾಟರಿ ಎಲ್ಲವನ್ನೂ ಕಂಪ್ಯೂಟರಿನಿಂದ ನಟಿಸಿ ತೋರಿಸಿ ಪರೀಕ್ಷಿಸುತ್ತಾರೆ.

ತಲೆನೋವು ಕೊಡುವುದು ಬಂದು ಹೋಗುವ ದೋಷ. ‘ಇದ್ದಕ್ಕಿದ್ದಂತೆ ನಿಂತುಬಿಡ್ತು, ಆಮೇಲೆ ತಾನೇ ಸರಿಹೋಯ್ತು’ ಎನ್ನುವ ಗ್ರಾಹಕರು ಸುಳ್ಳು ಹೇಳುತ್ತಿರುವುದಿಲ್ಲ. ಕಂಟ್ರೋಲರಿನಲ್ಲಿ ‘ವಾಚ್‌ಡಾಗ್’ ಎಂಬ ಕಾವಲುಗಡಿಯಾರವಿರುತ್ತದೆ. ಪ್ರೋಗ್ರಾಮು ಆಗಾಗ ಅದನ್ನು ತಟ್ಟುತ್ತಿರಬೇಕು, ಮರೆತರೆ ಅದು ಇಡೀ ವ್ಯವಸ್ಥೆಯನ್ನು ಹೊಸದಾಗಿ ಶುರುಮಾಡುತ್ತದೆ. ಪ್ರಾಣ ಕಾಯುವ ಉಪಾಯವೇ ಸರಿ, ಆದರೆ ಸಾಕ್ಷ್ಯವನ್ನೂ ಅದೇ ಅಳಿಸುತ್ತದೆ. ಆದ್ದರಿಂದ ಮರುಶುರುವಾದ ಕಾರಣವನ್ನು, ಆ ಕ್ಷಣದ ವೇಗ, ವೋಲ್ಟೇಜುಗಳನ್ನು ವಿದ್ಯುತ್ ಹೋದರೂ ಅಳಿಯದ ಸ್ಮೃತಿಯಲ್ಲಿ ಬರೆದಿಡಬೇಕು. 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆ ಪದೇಪದೇ ಮರುಶುರುವಾದಾಗ, ಎಂಜಿನಿಯರುಗಳು ಅದರ ಪ್ರತಿರೂಪದಲ್ಲಿ ಅದೇ ದೋಷವನ್ನು ಭೂಮಿಯ ಮೇಲೆ ಹುಟ್ಟಿಸಿ, ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದ್ದರು.

ದೂರದಿಂದಲೇ ತಿದ್ದುವ ಆ ವಿದ್ಯೆ ಸ್ಕೂಟರಿಗೆ ಬಂದದ್ದನ್ನು ಮಹದೇವಪುರ ಹತ್ತಿರದಿಂದ ಕಂಡಿದೆ. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ಎನರ್ಜಿಯ ಮೊದಲ ಕಾರ್ಖಾನೆ ಪಕ್ಕದ ವೈಟ್‌ಫೀಲ್ಡಿನಲ್ಲಿತ್ತು. 2018ರಲ್ಲಿ ಬೆಂಗಳೂರಲ್ಲೇ ಮಾರಾಟ ಆರಂಭಿಸಿದ ಕಂಪನಿ 2021ರಲ್ಲಿ ತಯಾರಿಕೆಯನ್ನು ಹೊಸೂರಿಗೆ ಒಯ್ದಿತು. ಅದರ ಸ್ಕೂಟರಿನ ತಂತ್ರಾಂಶವನ್ನು ಫೋನಿನದರಂತೆ ಗಾಳಿಯಲ್ಲೇ ಹೊಸದು ಮಾಡಬಹುದು. ಇಂಥ ತಿದ್ದುಪಡಿ ಗಾಡಿ ನಿಂತಿದ್ದಾಗಲೇ ಆಗಬೇಕು. ಹೊಸದು ಕೆಟ್ಟರೆ ಮರಳಲು ಹಳೆಯದೂ ಒಳಗೇ ಇರಬೇಕು.

ಪಕ್ಕಚಕ್ರದ ಸ್ಕೂಟರಿನ ಕತೆ ಬೇರೆ. ಎರಡು ಚಕ್ರದ್ದು ತಿರುವಿನಲ್ಲಿ ವಾಲುತ್ತದೆ, ಇದು ವಾಲುವುದಿಲ್ಲ. ವಾಲುವುದನ್ನೇ ಅಳೆದು ‘ಬಿತ್ತು’ ಎಂದು ತೀರ್ಮಾನಿಸುವ ತಂತ್ರಾಂಶಕ್ಕೆ ಇಲ್ಲಿ ಲೆಕ್ಕ ತಪ್ಪುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಇಂಥ ಮಾರ್ಪಡಿಸಿದ ವಾಹನಕ್ಕೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿದೆ. ಆದರೂ ಚಕ್ರ ಜೋಡಿಸುವ ಗ್ಯಾರೇಜಿನವರ ಕೈ ತಂತ್ರಾಂಶದವರೆಗೆ ಹೋಗುವುದಿಲ್ಲ.

ಕೆಟ್ಟು ನಿಂತ ಮೊಬಿಲಿಟಿ ಸ್ಕೂಟರನ್ನು ತಳ್ಳಬೇಕಾದರೆ ಮೋಟಾರಿನ ಬಳಿಯ ಸಣ್ಣ ಲಿವರಿನಿಂದ ಬ್ರೇಕ್ ಬಿಡಿಸಬೇಕು. ಆಗ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಲು ತಳ್ಳುವವರ ಕೈ ಬಿಟ್ಟು ಬೇರೇನೂ ಇರುವುದಿಲ್ಲ. ಆ ಲಿವರನ್ನು ಮತ್ತೆ ಮೊದಲಿನ ಜಾಗಕ್ಕೆ ಎಳೆಯುವವರೆಗೂ ಒಳ್ಳೆಯ ಕಂಟ್ರೋಲರ್ ಮೋಟಾರಿಗೆ ವಿದ್ಯುತ್ ಬಿಡುವುದಿಲ್ಲ.