ಗುಡ್ಡದ ಮಣ್ಣು, ನೀರಿನ ಪಾಲು

ಊರ ಗುಡ್ಡ ಬೋಳಾಯಿತೆಂದರೆ ನಾವು ಮೊದಲು ದೂರುವುದು ಆಡು ಮೇಯಿಸುವವರನ್ನು. ಆಡು ಚಿಗುರನ್ನು ಉಳಿಸುವುದಿಲ್ಲ, ನಿಜ. ಆದರೆ ಅವುಗಳ ಒಡೆಯನಿಗೆ ಜಮೀನು ಎಷ್ಟಿದೆಯೆಂದು ವಿಚಾರಿಸಿದ್ದೀರಾ? ಹೊಲವಿಲ್ಲದವನಿಗೆ ಗುಡ್ಡವೇ ಹೊಲ.

ಚಂಡೀಗಢ ನಗರಕ್ಕಾಗಿ 1958ರಲ್ಲಿ ಕಟ್ಟಿದ ಸುಖನಾ ಕೆರೆ ಕೆಲವೇ ವರ್ಷಗಳಲ್ಲಿ ಹೂಳಿನಿಂದ ತುಂಬತೊಡಗಿತು. ಕಾರಣ ಹುಡುಕಹೊರಟ ಮಣ್ಣು ಮತ್ತು ಜಲ ಸಂರಕ್ಷಣಾ ವಿಜ್ಞಾನಿ ಶ್ರೀ ಪಿ. ಆರ್. ಮಿಶ್ರ ಮತ್ತು ಸಂಗಡಿಗರು ಶಿವಾಲಿಕ್ ಬೆಟ್ಟಗಳ ತಪ್ಪಲಿನಲ್ಲಿರುವ, ಹರಿಯಾಣದ ಸುಖೋಮಾಜ್ರಿ ಎಂಬ ಸಣ್ಣ ಹಳ್ಳಿಯನ್ನು ಮುಟ್ಟಿದರು. ಅಲ್ಲಿಯ ಗುಡ್ಡಗಳು ಬೋಳಾಗಿ, ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿಹೋಗುತ್ತಿತ್ತು. 1976ರಲ್ಲಿ ಮಳೆನೀರನ್ನು ಹಿಡಿಯಲು ಮಣ್ಣಿನ ಏರಿಯೊಂದನ್ನು ಕಟ್ಟಲಾಯಿತು.

ತೊಡಕು ಹುಟ್ಟಿದ್ದು ಇಲ್ಲಿಯೇ. ಏರಿ ಹೂಳು ತುಂಬದೆ ಉಳಿಯಬೇಕಾದರೆ ಗುಡ್ಡದ ಮೇಲೆ ಮೇಯಿಸುವುದು ನಿಲ್ಲಬೇಕು. ನೀರು ಹರಿಯುವುದೋ, ಕೆಳಗೆ ಜಮೀನಿದ್ದವರ ಹೊಲಕ್ಕೆ. ಮೇವು ಕಳೆದುಕೊಳ್ಳುವವನು ಒಬ್ಬ, ಗೋಧಿ ಬೆಳೆಯುವವನು ಮತ್ತೊಬ್ಬ. ಹೀಗಿರುವಲ್ಲಿ ಎಷ್ಟು ಕಾವಲುಗಾರರನ್ನು ಇಟ್ಟರೇನು? ನಮ್ಮಂಥ ಬೇಸಾಯ ವಿಜ್ಞಾನಿಗಳು ಇಳಿಜಾರನ್ನು ಅಳೆಯುತ್ತೇವೆ, ಕೊಚ್ಚಿಹೋದ ಮಣ್ಣನ್ನು ತೂಗುತ್ತೇವೆ; ಈ ಲೆಕ್ಕವನ್ನು ಮಾತ್ರ ಮರೆಯುತ್ತೇವೆ.

ಕಡೆಗೆ ಊರವರು ಒಂದು ಏರ್ಪಾಡಿಗೆ ಒಪ್ಪಿದರು. ಜಮೀನು ಹೆಚ್ಚಿರಲಿ, ಕಡಿಮೆಯಿರಲಿ, ಇಲ್ಲದೆಯೇ ಇರಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು. ಹೊಲವಿಲ್ಲದವರು ತಮ್ಮ ಪಾಲನ್ನು ಮಾರಬಹುದು, ಇಲ್ಲವೇ ಇನ್ನೊಬ್ಬರ ಹೊಲವನ್ನು ಕೋರಿಗೆ ಹಿಡಿದು ಬೆಳೆ ತೆಗೆಯಬಹುದು. ಇದಕ್ಕೆ ಪ್ರತಿಯಾಗಿ ಎಲ್ಲರೂ ಗುಡ್ಡದಲ್ಲಿ ಮೇಯಿಸುವುದನ್ನು ಬಿಡಬೇಕು.

ಮುಳ್ಳುತಂತಿಯ ಅಗತ್ಯವೇ ಬೀಳಲಿಲ್ಲ. ಗುಡ್ಡದಲ್ಲಿ ಹುಲ್ಲು ಎದ್ದಿತು. ಆಡುಗಳು ಕಡಿಮೆಯಾಗಿ, ಕಟ್ಟಿ ಸಾಕುವ ಎಮ್ಮೆಗಳು ಹೆಚ್ಚಿದವು. ಹಗ್ಗಕ್ಕೂ ಕಾಗದಕ್ಕೂ ಒದಗುವ ಭಾಬರ್ ಹುಲ್ಲಿನ ಕೊಯಿಲನ್ನು ಊರ ಸಂಘವೇ ಅರಣ್ಯ ಇಲಾಖೆಯಿಂದ ಗುತ್ತಿಗೆ ಪಡೆಯಿತು. ಕೊಚ್ಚಿಬರುವ ಮಣ್ಣು ಬಹಳ ಇಳಿಯಿತು.

ಎಲ್ಲವೂ ಹಾಗೆಯೇ ಉಳಿಯಿತೆಂದು ಹೇಳಲಾರೆ. ಮುಂದೆ ಸಮಪಾಲಿನ ಪದ್ಧತಿ ಹೋಗಿ, ಗಂಟೆಗೆ ಇಷ್ಟೆಂದು ಹಣ ಕೊಟ್ಟು ನೀರು ಪಡೆಯುವ ಕ್ರಮ ಬಂದಿತು. ಹೊಲವಿಲ್ಲದವನಿಗೆ ಆ ಗಂಟೆಯಿಂದ ಏನು ಪ್ರಯೋಜನ?

ತಮ್ಮ ಊರಿನಲ್ಲಿ ಜಲಾನಯನ ಕೆಲಸ ಮೊದಲಾಗುವುದಿದ್ದರೆ ಮೊದಲು ಒಂದು ಪಟ್ಟಿ ಮಾಡಿರಿ: ಗುಡ್ಡದಿಂದ ಮೇವು, ಸೌದೆ ತರುವ ಮನೆಗಳು ಯಾವುವು, ಅವುಗಳಲ್ಲಿ ಎಷ್ಟಕ್ಕೆ ಜಮೀನಿಲ್ಲ. ನೀರು, ಹುಲ್ಲು, ಮೀನು ಇವುಗಳಲ್ಲಿ ಆ ಮನೆಗಳಿಗೆ ಸಲ್ಲುವ ಪಾಲೆಷ್ಟು ಎಂಬುದನ್ನು ತಡೆಗೋಡೆಗೆ ಕಲ್ಲು ಹಾಕುವ ಮೊದಲೇ ಗ್ರಾಮಸಭೆಯಲ್ಲಿ ಬರೆಸಿಡಿರಿ. ನೀರು ನಿಂತ ಮೇಲೆ ಬರೆಯುವುದು ಕಷ್ಟ. ಅಷ್ಟರಲ್ಲಿ ಪಂಪುಗಳು ಬಂದು ಕೂತಿರುತ್ತವೆ.