ಎರವಲು ವೇಷ



ಕಾಲೇಜಿನ ವಾರ್ಷಿಕೋತ್ಸವದ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. ವೇದಿಕೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ತಂದ ಯಕ್ಷಗಾನದ ಪೆಟ್ಟಿಗೆ ತೆರೆದಿದೆ. ಯಾರೋ ನಿಮ್ಮ ತಲೆಯ ಮೇಲೆ ಕಿರೀಟವಿಟ್ಟು, ‘ಫೋಟೋಗೆ ನಿಲ್ಲು’ ಎನ್ನುತ್ತಾರೆ. ನೀವು ನಗುತ್ತಾ ನಿಲ್ಲುತ್ತೀರಿ. ಎರಡು ನಿಮಿಷದಲ್ಲಿ ಆ ಕಿರೀಟ ಇನ್ನೊಬ್ಬರ ತಲೆಗೆ ಹೋಗುತ್ತದೆ. ಆ ಎರಡು ನಿಮಿಷ ನೀವು ಏನಾಗಿದ್ದಿರಿ? ರಾಜನೇ, ಕಲಾವಿದನೇ, ಅಥವಾ ಬರೀ ಕಿರೀಟ ಹೊತ್ತ ಒಬ್ಬ ವಿದ್ಯಾರ್ಥಿಯೇ?

1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟದ ಆವರಣದಲ್ಲಿ ಓದುವವರಿಗೆ ಈ ಪ್ರಶ್ನೆ ದೂರದ್ದಲ್ಲ. ಒಂದೇ ಹಾಸ್ಟೆಲಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರೂ ಇರುತ್ತಾರೆ, ಬಯಲುಸೀಮೆಯವರೂ ಇರುತ್ತಾರೆ. ಮೊದಲಿನವರಿಗೆ ಯಕ್ಷಗಾನವೆಂದರೆ ಮನೆಯಂಗಳದ ಆಟ. ಎರಡನೆಯವರಲ್ಲಿ ಅನೇಕರು ಅದನ್ನು ಕಂಡದ್ದು ದೂರದರ್ಶನದ ಪರದೆಯ ಮೇಲೆ ಮಾತ್ರ. ‘ಒಮ್ಮೆಯಾದರೂ ಆ ಬಣ್ಣ ಹಚ್ಚಿಕೊಂಡು ನೋಡಬೇಕು’ ಎಂಬ ಆಸೆ ಈ ಎರಡನೆಯವರಲ್ಲಿ ಹುಟ್ಟಿದರೆ ತಪ್ಪೇ? ತಪ್ಪಲ್ಲ. ಆದರೆ ಆ ಆಸೆಯನ್ನು ತೀರಿಸಿಕೊಳ್ಳುವ ಬಗೆಯಲ್ಲಿ ಯೋಚಿಸಬೇಕಾದದ್ದು ಬಹಳಷ್ಟಿದೆ.

ಕ್ಯೋಟೋದ ಕನ್ನಡಿ

ಜಪಾನಿನ ಹಳೆಯ ರಾಜಧಾನಿ ಕ್ಯೋಟೋ ನಗರದಲ್ಲಿ ಇದೇ ಆಸೆಯನ್ನು ನಂಬಿ ಒಂದು ವ್ಯಾಪಾರವೇ ಬೆಳೆದಿದೆ. ‘ಹೆನ್‌ಶಿನ್’, ಅಂದರೆ ರೂಪಾಂತರ, ಎಂದು ಅದರ ಹೆಸರು. ಒಂಟಿಯಾಗಿ ಪ್ರವಾಸ ಬಂದ ಯುವತಿಯೊಬ್ಬಳು ಹಣ ಕೊಟ್ಟು ಅಂಥ ಸ್ಟುಡಿಯೋದೊಳಗೆ ಹೋದರೆ, ಒಂದೆರಡು ಗಂಟೆಯಲ್ಲಿ ‘ಮೈಕೋ’ ರೂಪ ತಾಳಿ ಹೊರಬರುತ್ತಾಳೆ. ಮೈಕೋ ಎಂದರೆ ಗೇಷಾ ಆಗಲು ತರಬೇತಿ ಪಡೆಯುತ್ತಿರುವ ಕಿರಿಯ ಕಲಾವಿದೆ.

ಮೊದಲು ಮುಖಕ್ಕೂ ಕತ್ತಿಗೂ ಮೇಣದಂಥ ಜಿಡ್ಡನ್ನು ತಿಕ್ಕುತ್ತಾರೆ. ಅದರ ಮೇಲೆ ನೀರಿನಲ್ಲಿ ಕಲಸಿದ ಬಿಳಿ ಪುಡಿಯನ್ನು ಅಗಲವಾದ ಕುಂಚದಿಂದ ಬಳಿಯುತ್ತಾರೆ. ಹಿಂಗತ್ತಿನಲ್ಲಿ ಮಾತ್ರ ಬಳಿಯದೆ ಬಿಟ್ಟ ಚರ್ಮ ಗೆರೆಗಳಾಗಿ ಕಾಣುತ್ತದೆ. ಕಣ್ಣಂಚಿಗೂ ಹುಬ್ಬಿಗೂ ಕೆಂಪು, ಕಪ್ಪು. ತುಟಿಗೆ ಕೆಂಪು. ಈ ಕೆಂಪನ್ನು ಹಿಂದೆ ತೆಗೆಯುತ್ತಿದ್ದುದು ನಮ್ಮ ಉತ್ತರ ಕರ್ನಾಟಕದವರು ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನಿಂದ. ಕೊನೆಗೆ ಕೃತಕ ಕೇಶ, ಪದರ ಪದರವಾಗಿ ಕಿಮೋನೋ, ಸೊಂಟಕ್ಕೆ ಬಿಗಿಯಾದ ಪಟ್ಟಿ. ಜೊತೆಗೆ ಗೆಳತಿಯರಿದ್ದರೆ ನಗುವಿನಲ್ಲಿ ಹೊತ್ತು ಹೋಗುತ್ತದೆ. ಒಂಟಿಯಾಗಿದ್ದರೆ ಕನ್ನಡಿಯೊಂದೇ ಜೊತೆ. ಅದರಲ್ಲಿ ತನ್ನ ಮುಖ ಸ್ವಲ್ಪ ಸ್ವಲ್ಪವಾಗಿ ಮರೆಯಾಗುವುದನ್ನು ಆಕೆ ನೋಡುತ್ತಾ ಕೂರಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಿಕೊಳ್ಳೋಣ. ‘ಗೇ’ ಎಂದರೆ ಕಲೆ, ‘ಷಾ’ ಎಂದರೆ ವ್ಯಕ್ತಿ. ನೃತ್ಯ, ಹಾಡು, ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ, ಅತಿಥಿಗಳೊಡನೆ ಸಂಭಾಷಣೆ, ಇವು ಗೇಷಾ ವೃತ್ತಿಯ ವಿದ್ಯೆಗಳು. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಬೀಡುಬಿಟ್ಟ ವಿದೇಶೀ ಸೈನಿಕರ ಬಾಯಲ್ಲಿ ಈ ಪದಕ್ಕೆ ಕೀಳರ್ಥ ಅಂಟಿತು. ಆದಿಯಲ್ಲಿ ಗೇಷಾಗಳು ಗಂಡಸರೇ ಆಗಿದ್ದರು, ಹೆಂಗಸರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ, ಎಂದರೆ ನಿಮಗೆ ಅಚ್ಚರಿಯಾಗಬಹುದು.

ವೇಷವೂ ಒಂದು ಲಿಪಿ

ಆ ಬಿಳಿ ಬಣ್ಣ ಬರೀ ಅಲಂಕಾರವಲ್ಲ, ಅದೊಂದು ಬರವಣಿಗೆ. ಹೊಸದಾಗಿ ಸೇರಿದ ಮೈಕೋ ಕೆಳತುಟಿಗೆ ಮಾತ್ರ ಬಣ್ಣ ಹಚ್ಚುತ್ತಾಳೆ. ಅವಳ ಒಳಕೊರಳಪಟ್ಟಿ ಕೆಂಪು. ಕಲಿಕೆ ಮುಂದುವರಿದಂತೆ ಆ ಕೆಂಪಿನ ಮೇಲೆ ಬಿಳಿ ಹೆಚ್ಚುತ್ತಾ ಹೋಗುತ್ತದೆ. ಸುಮಾರು ಐದು ವರ್ಷದ ನಂತರ ಪೂರ್ಣ ಬಿಳಿ ಪಟ್ಟಿ ತೊಟ್ಟ ದಿನ ಅವಳು ಗೇಷಾ ಎನಿಸಿಕೊಳ್ಳುತ್ತಾಳೆ. ‘ಕೊರಳಪಟ್ಟಿ ಬದಲಾಯಿಸುವುದು’ ಎಂದೇ ಆ ದಿನದ ಆಚರಣೆಗೆ ಹೆಸರು. ಮೈಕೋಳ ಕೇಶ ಕೃತಕವಲ್ಲ, ಅವಳದೇ ಕೂದಲು. ಅದು ಕೆಡದಿರಲೆಂದು ಎತ್ತರದ ದಿಂಬಿನ ಮೇಲೆ ಕತ್ತನ್ನಷ್ಟೇ ಇಟ್ಟು ಮಲಗುತ್ತಾಳೆ. ಬಲ್ಲವರು ಅವಳನ್ನು ಬೀದಿಯಲ್ಲಿ ಕಂಡೊಡನೆ ಎಷ್ಟು ಕಲಿತವಳೆಂದು ಓದಿಬಿಡಬಲ್ಲರು.

ನಮ್ಮ ಯಕ್ಷಗಾನದಲ್ಲೂ ಇದೇ ಬಗೆಯ ಮೆಟ್ಟಿಲುಗಳಿವೆ ಎಂಬುದನ್ನು ಗಮನಿಸಿ. ರಾತ್ರಿಯಿಡೀ ನಡೆಯುವ ಆಟದಲ್ಲಿ ಹೊಸಬ ಮೊದಲು ಹೆಜ್ಜೆ ಹಾಕುತ್ತಿದ್ದುದು ಕೋಡಂಗಿಯಾಗಿ. ಆ ವೇಷಕ್ಕೆ ಬಣ್ಣವೂ ಅಲ್ಪ, ಆಭರಣವೂ ಅಲ್ಪ. ಅನಂತರ ಬಾಲಗೋಪಾಲ, ಅನಂತರ ಪೀಠಿಕೆಯ ಸ್ತ್ರೀವೇಷ. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಕೇದಗೆ ಮುಂದಲೆ. ಕರ್ಣ, ಅರ್ಜುನರಂಥವರಿಗೆ ದೊಡ್ಡ ಮುಂಡಾಸು. ತಲೆಯ ಮೇಲೆ ಏನಿದೆ ಎಂಬುದು ಪಾತ್ರದ ಸ್ಥಾನವನ್ನು ಹೇಳುತ್ತದೆ, ಆ ಪಾತ್ರ ಹೊತ್ತವನ ಪಳಗುವಿಕೆಯನ್ನೂ ಹೇಳುತ್ತದೆ. ಎರವಲು ವೇಷ ತೊಟ್ಟವರು ಈ ಲಿಪಿಯನ್ನು ಅರಿಯದೆ ಹೊತ್ತುಕೊಂಡಿರುತ್ತಾರೆ. ತನಗೆ ಓದಲು ಬಾರದ ಪತ್ರವನ್ನು ಕೈಯಲ್ಲಿ ಹಿಡಿದು ಊರೆಲ್ಲ ತಿರುಗಿದ ಹಾಗೆ.

ಚೌಕಿಯಲ್ಲಿ ಕುಳಿತರೆ

ಹಾಗಾದರೆ ಆ ಲಿಪಿಯನ್ನು ಕಲಿಯುವುದು ಎಲ್ಲಿ? ಶಂಕರಘಟ್ಟದಿಂದ ಶಿವಮೊಗ್ಗಕ್ಕೆ ಸುಮಾರು 28 ಕಿಲೋಮೀಟರು. ಅಲ್ಲಿಂದ ಸಾಗರದ ದಾರಿ ಹಿಡಿದು, ಶರಾವತಿಯ ಕಣಿವೆಯಗುಂಟ ಘಟ್ಟ ಇಳಿದರೆ ಹೊನ್ನಾವರ. ಆ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಮನೆತನದವರ ಮೇಳವಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಮೇಳ ಅದು. ಅವರ ಮಗ ಶಂಭು ಹೆಗಡೆಯವರು 1986ರಲ್ಲಿ ಅಲ್ಲೇ ಯಕ್ಷಗಾನದ ಗುರುಕುಲವನ್ನು ಆರಂಭಿಸಿದರು. ದಕ್ಷಿಣಕ್ಕೆ ಹೋದರೆ ಉಡುಪಿಯ ಯಕ್ಷಗಾನ ಕೇಂದ್ರವಿದೆ. ಮಳೆಗಾಲ ಕಳೆದ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ, ತಿರುಗಾಟದ ಮೇಳಗಳು ಮಲೆನಾಡಿನ ಊರುಗಳಿಗೂ ಬರುತ್ತವೆ.

ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಚೌಕಿ ಎಂದು ಹೆಸರು. ಒಂದು ತುದಿಯಲ್ಲಿ ಗಣಪತಿ, ಅವನ ಮುಂದೆ ದೀಪ. ಹಿರಿಯರ ಒಪ್ಪಿಗೆ ಪಡೆದು ನೀವು ಅಲ್ಲಿ ಒಂದು ಮೂಲೆಯಲ್ಲಿ ಕುಳಿತಿರಿ ಎಂದುಕೊಳ್ಳಿ. ಮೊದಲು ನಿಮ್ಮ ಕಣ್ಣಿಗೆ ಬೀಳುವುದು ಇದು: ಯಕ್ಷಗಾನದ ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಳ್ಳುತ್ತಾನೆ. ಬಿಳಿ, ಹಳದಿ, ಕೆಂಪುಗಳನ್ನು ಅಂಗೈಯಲ್ಲಿ ಕಲಸಿ ಮೈಬಣ್ಣ ಮಾಡಿಕೊಳ್ಳುತ್ತಾನೆ. ಹಣೆಗೆ ನಾಮ, ಕಣ್ಣಿಗೆ ಕಾಡಿಗೆ, ಹುಬ್ಬಿಗೆ ತಿದ್ದುಗೆರೆ. ರಾಕ್ಷಸವೇಷದವನಾದರೆ ಅಕ್ಕಿಹಿಟ್ಟು ಮತ್ತು ಸುಣ್ಣದ ಚಿಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಇಡುತ್ತಾ ಗಂಟೆಗಟ್ಟಲೆ ಕೂರುತ್ತಾನೆ.

ಬಳಿಕ ಉಡುಗೆ. ದಗಲೆ, ಚೌಕುಳಿ ಸೀರೆಯ ಕಚ್ಚೆ, ಹಗುರ ಮರದಲ್ಲಿ ಕೆತ್ತಿ ಚಿನ್ನದ ಬಣ್ಣದ ಹಾಳೆಯನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿದ ಎದೆಕಟ್ಟು, ಭುಜಕೀರ್ತಿ. ಒಂದೊಂದನ್ನೂ ಹಗ್ಗದಿಂದ ಬಿಗಿಯುತ್ತಾರೆ. ಸಂಪ್ರದಾಯದ ಮುಂಡಾಸು ಟೊಪ್ಪಿಗೆಯಂತೆ ಎತ್ತಿ ಇಡುವ ವಸ್ತುವಲ್ಲ. ಪ್ರತಿ ರಾತ್ರಿಯೂ ಅದನ್ನು ತಲೆಯ ಮೇಲೆಯೇ ಸುತ್ತಿ ಕಟ್ಟಬೇಕು. ಸಡಿಲವಾದರೆ ಕುಣಿಯುವಾಗ ಜಾರುತ್ತದೆ. ಬಿಗಿ ಹೆಚ್ಚಾದರೆ ತಲೆ ಸಿಡಿಯುತ್ತದೆ. ಎಷ್ಟು ಬಿಗಿಯಬೇಕೆಂಬುದನ್ನು ಪುಸ್ತಕ ಹೇಳಿಕೊಡಲಾರದು.

ಒಮ್ಮೆ ನಿಮಗೂ ಅದನ್ನು ಕಟ್ಟಿದರು ಎಂದಿಟ್ಟುಕೊಳ್ಳಿ. ನಿಂತೊಡನೆ ಕತ್ತು ತಾನಾಗಿ ನೆಟ್ಟಗಾಗುತ್ತದೆ. ಬಗ್ಗಿ ನೋಡಲಾಗದು. ಉಸಿರು ಮೇಲಿನ ಎದೆಗೆ ಬರುತ್ತದೆ. ನಡೆದರೆ ಗೆಜ್ಜೆ ನಿಮ್ಮ ತಪ್ಪು ಹೆಜ್ಜೆಯನ್ನು ಎಲ್ಲರಿಗೂ ಸಾರುತ್ತದೆ. ಈ ಭಾರ ಹೊತ್ತು, ಮಂಡಿಯೂರಿ ಗಿರಕಿ ಹೊಡೆದು, ಅನಂತರ ಏದುಸಿರಿಲ್ಲದೆ ಮಾತಾಡುವುದೆಂದರೆ ಏನೆಂದು ನಿಮ್ಮ ಮೈಗೆ ಆಗ ಅರ್ಥವಾಗುತ್ತದೆ. ಎರವಲು ವೇಷದ ನಿಜವಾದ ಲಾಭ ಇದು. ಅದು ನಮ್ಮನ್ನು ಕಲಾವಿದರನ್ನಾಗಿ ಮಾಡುವುದಿಲ್ಲ, ಒಳ್ಳೆಯ ಪ್ರೇಕ್ಷಕರನ್ನಾಗಿ ಮಾಡುತ್ತದೆ. ಕ್ಯೋಟೋದಲ್ಲಿ ಹತ್ತು ಸೆಂಟಿಮೀಟರು ಎತ್ತರದ ಮರದ ಪಾದುಕೆ ತೊಟ್ಟು ನಾಲ್ಕು ಹೆಜ್ಜೆ ಇಟ್ಟವಳಿಗೂ ಆಗುವ ಲಾಭ ಇಷ್ಟೇ.

ಬಣ್ಣಕ್ಕೆ ತೆತ್ತ ಬೆಲೆ

ಬಣ್ಣಕ್ಕೂ ಒಂದು ಇತಿಹಾಸವಿದೆ. ಜಪಾನಿನ ಹಳೆಯ ಬಿಳಿ ಬಣ್ಣದಲ್ಲಿ ಸೀಸವಿತ್ತು. 1887ರಲ್ಲಿ ಮೇಜಿ ಚಕ್ರವರ್ತಿಯ ಎದುರು ಅಭಿನಯಿಸುತ್ತಿದ್ದ ಕಬುಕಿ ನಟ ನಕಮುರಾ ಫುಕುಸುಕೆಯ ಕಾಲು ವೇದಿಕೆಯ ಮೇಲೆಯೇ ನಡುಗತೊಡಗಿತು. ಅದಕ್ಕೆ ಕಾರಣ ವರ್ಷಗಟ್ಟಲೆ ಹಚ್ಚಿದ ಬಿಳಿಯಿಂದ ಮೈಗೇರಿದ ಸೀಸದ ವಿಷ. ಆ ಬಣ್ಣಕ್ಕೆ ಪೂರ್ಣ ನಿಷೇಧ ಬಂದದ್ದು 1930ರ ದಶಕದಲ್ಲಿ. ನಮ್ಮ ಚೌಕಿಯಲ್ಲಿ ಹಿಂದೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಇಂಗಳೀಕ ಪಾದರಸ ಮತ್ತು ಗಂಧಕದ್ದು. ಈ ಪಾಠವನ್ನು ನೀವು ರಸಾಯನಶಾಸ್ತ್ರದಲ್ಲಿ ಓದಿರುತ್ತೀರಿ. ಒಂದು ಸಂಜೆಗೆ ಬಣ್ಣ ಹಚ್ಚಿದವರು ತೊಳೆದುಕೊಂಡು ಮನೆಗೆ ಹೋಗುತ್ತಾರೆ. ಋತುವಿನುದ್ದಕ್ಕೂ ಪ್ರತಿ ರಾತ್ರಿ ಹಚ್ಚಿದವರ ಚರ್ಮ, ಕಣ್ಣು ಅದರ ಬೆಲೆ ತೆತ್ತಿವೆ.

ದೂರದಿಂದ ಬಂದ ಇಬ್ಬರು

ಎರವಲು ವೇಷದಿಂದ ಆರಂಭಿಸಿ ಬಹಳ ದೂರ ನಡೆಯಲು ಸಾಧ್ಯವೆಂಬುದಕ್ಕೂ ಉದಾಹರಣೆಗಳಿವೆ. 1970ರ ಆಸುಪಾಸಿನಲ್ಲಿ ಮಾರ್ಥಾ ಆಶ್ಟನ್ ಎಂಬ ಅಮೆರಿಕದ ವಿದ್ಯಾರ್ಥಿನಿ ಉಡುಪಿಯ ಕಡೆಗೆ ಬಂದರು. ಮದ್ದಳೆಯ ಗುರು ಹಿರಿಯಡಕ ಗೋಪಾಲ ರಾವ್ ಅವರ ಬಳಿ ಬಡಗುತಿಟ್ಟಿನ ಯಕ್ಷಗಾನವನ್ನು ಕಲಿತರು. ಅದರ ಮೇಲೆ ಸಂಶೋಧನೆ ಮಾಡಿ, ಬ್ರೂಸ್ ಕ್ರಿಸ್ಟಿಯವರೊಡನೆ ಬರೆದ ಅವರ ಪುಸ್ತಕ 1977ರಲ್ಲಿ ದೆಹಲಿಯಲ್ಲಿ ಪ್ರಕಟವಾಯಿತು. ಗೋಪಾಲ ರಾವ್ ನೂರು ವರ್ಷ ತುಂಬಿದ ಮೇಲೆ, 2020ರಲ್ಲಿ, ತೀರಿಕೊಂಡರು. ಸ್ತ್ರೀವೇಷವನ್ನೂ ಗಂಡಸರೇ ಮಾಡುತ್ತಿದ್ದ ರಂಗಭೂಮಿಗೆ ಒಬ್ಬ ಹೆಣ್ಣುಮಗಳು, ಅದೂ ಪರದೇಶದವಳು, ಶಿಷ್ಯೆಯಾಗಿ ಬಂದದ್ದು ಆಗ ಸಣ್ಣ ಸಂಗತಿಯಲ್ಲ. ಇಂದು ನಮ್ಮಲ್ಲಿ ಮಹಿಳೆಯರದೇ ಯಕ್ಷಗಾನ ತಂಡಗಳಿವೆ.

ಅದೇ ದಶಕದಲ್ಲಿ, 1975ರಲ್ಲಿ, ಲೈಝಾ ಡಾಲ್ಬಿ ಎಂಬ ಅಮೆರಿಕದ ಮಾನವಶಾಸ್ತ್ರದ ವಿದ್ಯಾರ್ಥಿನಿ ಗೇಷಾ ಬದುಕನ್ನು ಅಧ್ಯಯನ ಮಾಡಲು ಜಪಾನಿಗೆ ಹೋದರು. ಕ್ಯೋಟೋದ ಪೊಂಟೊಚೋ ಎಂಬ ಕೇರಿಯ ಹಿರಿಯ ಹೆಂಗಸರು ಅವರಿಗೆ ಹೆಸರಿಟ್ಟು, ತಮ್ಮ ಕೂಟಗಳಿಗೆ ಕರೆದೊಯ್ದರು. ಶಾಮಿಸೆನ್ ನುಡಿಸಲು ಬಂದದ್ದು ಅವರ ನೆರವಿಗಾಯಿತು. ಅವರ ಪುಸ್ತಕ 1983ರಲ್ಲಿ ಹೊರಬಂತು. ಈ ಇಬ್ಬರೂ ವೇಷದ ಹಿಂದಿನ ವಿದ್ಯೆಯನ್ನು ಕೇಳಿಕೊಂಡು ಹೋದವರು. ಮನೆಯವರು ಬಾಗಿಲು ತೆರೆದದ್ದು ಆ ಕಾರಣಕ್ಕೆ.

ಬಾಗಿಲು ಮುಚ್ಚಿದ ಪ್ರಸಂಗವೂ ಉಂಟು. ಕ್ಯೋಟೋದ ಗಿಯೋನ್ ಕೇರಿಯಲ್ಲಿ ಕೆಲಸಕ್ಕೆ ಹೊರಟ ಮೈಕೋಗಳನ್ನು ಪ್ರವಾಸಿಗರು ಬೆನ್ನಟ್ಟಿ, ತೋಳು ಹಿಡಿದು ಫೋಟೋ ತೆಗೆಯತೊಡಗಿದರು. 2019ರಲ್ಲಿ ಅಲ್ಲಿನ ಖಾಸಗಿ ಓಣಿಗಳಲ್ಲಿ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿ, 10,000 ಯೆನ್ ದಂಡದ ಫಲಕ ಹಾಕಿದರು. 2024ರಲ್ಲಿ ಕೆಲವು ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಿದರು.

ಹೊರಡುವ ಮುನ್ನ

ನಿಮ್ಮಲ್ಲಿ ಯಾರಾದರೂ ಒಂಟಿಯಾಗಿ ಇಂಥ ಪ್ರಯಾಣಕ್ಕೆ ಹೊರಡುವುದಾದರೆ ಈ ಕೆಲವು ಮಾತುಗಳು ನೆನಪಿರಲಿ. ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ಹೋಗಿ. ಆಟ ಮುಗಿಯುವುದು ನಡುರಾತ್ರಿಯಾದರೆ ಉಳಿಯುವ ಜಾಗವನ್ನು ಹಗಲೇ ಗೊತ್ತುಮಾಡಿಕೊಂಡು, ಮನೆಯವರಿಗೆ ತಿಳಿಸಿ. ಬಣ್ಣವನ್ನು ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ, ತುರಿಕೆಯಾಗುತ್ತದೆಯೇ ಎಂದು ನೋಡಿ. ಚೌಕಿಯಲ್ಲಿ ಕೇಳದೆ ಕ್ಯಾಮರಾ ತೆಗೆಯಬೇಡಿ, ಅರ್ಧ ಬಣ್ಣದ ಮುಖ ಆ ಕಲಾವಿದನ ಖಾಸಗಿ ಕ್ಷಣ. ನಿಮಗಾಗಿ ಸಮಯ ಕೊಟ್ಟವರಿಗೆ ಅವರ ಶ್ರಮದ ಹಣ ಕೊಡಿ. ನಿಮ್ಮ ಚಿತ್ರದ ಕೆಳಗೆ ‘ನಾನು ಯಕ್ಷಗಾನ ಮಾಡಿದೆ’ ಎಂದು ಬರೆಯುವ ಬದಲು, ‘ಒಂದು ಸಂಜೆ ವೇಷ ತೊಟ್ಟು ನೋಡಿದೆ’ ಎಂದು ಬರೆಯಿರಿ.

ಕೊನೆಯಲ್ಲಿ ಬಣ್ಣ ತೆಗೆಯುವ ಹೊತ್ತು ಬರುತ್ತದೆ. ತೆಂಗಿನೆಣ್ಣೆ ಸವರಿ ಬಟ್ಟೆಯಿಂದ ಒರೆಸುತ್ತಾ ಹೋದಂತೆ ಕನ್ನಡಿಯಲ್ಲಿ ಪರಿಚಿತ ಮುಖ ಮರಳುತ್ತದೆ. ಬಿಗಿದ ಹಗ್ಗದ ಗುರುತು ಮಾತ್ರ ಹಣೆಯ ಮೇಲೆ ಸ್ವಲ್ಪ ಹೊತ್ತು ಉಳಿಯುತ್ತದೆ. ಮುಂದಿನ ಬಾರಿ ಚಂದನ ವಾಹಿನಿಯಲ್ಲಿ ಯಕ್ಷಗಾನ ಬಂದಾಗ ಹಾಸ್ಟೆಲಿನ ಗೆಳೆಯರು ‘ಎಷ್ಟು ಚಂದದ ಕಿರೀಟ’ ಎನ್ನಬಹುದು. ಆಗ ಅದನ್ನು ಹೊತ್ತ ಕತ್ತಿನ ಕಡೆಗೂ ಅವರ ಗಮನ ಸೆಳೆಯಿರಿ.