ಮಳೆಗೆ ಸಿಕ್ಕ ಮುರುಗಲು

ಕಾರವಾರ, ಅಂಕೋಲೆಯ ಕಡೆ ಕವಳಿ, ಮುರುಗಲು, ನೇರಳೆ ಹಣ್ಣಾಗುವುದು ಏಪ್ರಿಲ್‌ನಿಂದ ಜೂನ್‌ವರೆಗೆ, ಒಂದರ ಬೆನ್ನಿಗೆ ಒಂದು. ಕವಳಿಯ ಎಳೆಕಾಯಿ ಉಪ್ಪಿನಕಾಯಿಯ ಭರಣಿ ಸೇರುತ್ತದೆ. ಮುರುಗಲಿನ ಸಿಪ್ಪೆಯನ್ನು ಅದರದೇ ರಸದಲ್ಲಿ, ಉಪ್ಪಿನಲ್ಲಿ ಅದ್ದಿ ಮತ್ತೆ ಮತ್ತೆ ಬಿಸಿಲಿಗೆ ಹಾಕಿದರೆ ವರ್ಷದ ಹುಳಿಗೆ ಚಿಂತೆಯಿಲ್ಲ. ಆದರೆ ಜೂನ್ ಮೊದಲ ವಾರಗಳಲ್ಲಿ ಮಳೆ ಹಿಡಿದುಕೊಂಡರೆ ಬಿಸಿಲೇ ಇರುವುದಿಲ್ಲ. ತಡವಾಗಿ ಹಣ್ಣಾದ ಮುರುಗಲು ಮರದಡಿಯಲ್ಲೇ ಕೊಳೆಯುತ್ತದೆ. ನೇರಳೆಯಂತೂ ಕೊಯ್ದ ಒಂದೆರಡು ದಿನಗಳಲ್ಲೇ ಕೆಡುತ್ತದೆ. ಈ ಹಣ್ಣುಗಳನ್ನು ಉಳಿಸಲು ಮನೆಯ ಫ್ರೀಜರ್ ಸಾಕು.

ಉಪ್ಪು, ಬಿಸಿಲು, ಹಿಮ ಮೂರೂ ಮಾಡುವ ಮುಖ್ಯ ಕೆಲಸ ಒಂದೇ: ಸೂಕ್ಷ್ಮಜೀವಿಗಳಿಗೆ ನೀರು ದಕ್ಕದಂತೆ ಮಾಡುವುದು. ಬಿಸಿಲು ನೀರನ್ನು ಹೊರಹಾಕುತ್ತದೆ, ಉಪ್ಪು ಕಟ್ಟಿಹಾಕುತ್ತದೆ, ಫ್ರೀಜರ್ ಗಟ್ಟಿಯಾಗಿಸುತ್ತದೆ. ಅಲ್ಲಿ ಜೀವಿಗಳೆಲ್ಲ ಸಾಯುವುದಿಲ್ಲ, ಬೆಳೆಯದೆ ಸುಮ್ಮನಿರುತ್ತವೆ. ಹಣ್ಣಿನ ಕಿಣ್ವಗಳೂ ಪೂರ್ತಿ ನಿಲ್ಲದೆ ನಿಧಾನವಾಗುತ್ತವೆ. ಹಾಗಾಗಿ -18 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೂ ವರ್ಷದೊಳಗೆ ಬಳಸುವುದು ಒಳ್ಳೆಯದು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳುಗಳು ಚಿಕ್ಕವು, ನಿಧಾನವಾದರೆ ದೊಡ್ಡವು. ದೊಡ್ಡ ಹರಳು ಸೂಜಿಯಂತೆ ಕೋಶದ ಗೋಡೆ ಚುಚ್ಚುತ್ತದೆ. 1910ರ ದಶಕದಲ್ಲಿ ಇಂದಿನ ಕೆನಡಾದ ಲಾಬ್ರಡಾರ್‌ನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್ಐ, ಕಡುಚಳಿಯಲ್ಲಿ ಕ್ಷಣದಲ್ಲೇ ಹೆಪ್ಪುಗಟ್ಟಿದ ಮೀನು ತಿಂಗಳುಗಳ ನಂತರವೂ ತಾಜಾ ರುಚಿ ಕೊಡುವುದನ್ನು ಕಂಡು, ಮುಂದೆ ಶೀಘ್ರ ಶೀತಲೀಕರಣದ ಯಂತ್ರಗಳನ್ನು ರೂಪಿಸಿದರು. ನಮ್ಮ ಫ್ರೀಜರ್‌ಗೆ ಆ ವೇಗವಿಲ್ಲ. ಅದರಿಂದ ತೆಗೆದ ನೇರಳೆ ಕರಗಿದ ಮೇಲೆ ಮೆತ್ತಗಾಗಿ ರಸ ಬಿಡುತ್ತದೆ.

ಹಾಗೇ ತಿನ್ನುವವರಿಗೆ ಅದು ಕೊರತೆ. ಪಾನಕಕ್ಕೆ, ಶರಬತ್ತಿಗೆ, ಸೋಲ್‌ಕಡಿಗೆ ಅದೇ ಲಾಭ. ಮುರುಗಲಿನ ಕೆಂಪು, ನೇರಳೆಯ ಕಡುಬಣ್ಣ ಎರಡಕ್ಕೂ ಕಾರಣವಾದ ಆಂಥೋಸಯನಿನ್ ಕೋಶದೊಳಗೆ ಅಡಗಿರುತ್ತದೆ. ಗೋಡೆ ಒಡೆದಿದ್ದರೆ ಕುದಿಸದೆಯೇ ಬಣ್ಣವೂ ಹುಳಿಯೂ ನೀರಿಗಿಳಿಯುತ್ತವೆ.

ಮಾಡುವ ಕ್ರಮ ಸುಲಭ. ಒಡೆಯದ ಹಣ್ಣನ್ನಷ್ಟೇ ಆರಿಸಿ, ತೊಳೆದು, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ. ಮೇಲೆ ನೀರುಳಿದರೆ ಹಣ್ಣು ಒಂದಕ್ಕೊಂದು ಅಂಟಿ ಹೆಂಟೆಯಾಗುತ್ತದೆ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಗಾಳಿ ಹೊರಹಾಕಿದ ಚೀಲಕ್ಕೆ ತುಂಬಿ ದಿನಾಂಕ ಬರೆಯಿರಿ. ಮುರುಗಲನ್ನು ಕತ್ತರಿಸಿ ಬೀಜ ತೆಗೆದು, ಸಿಪ್ಪೆಯನ್ನು ಸಕ್ಕರೆಯೊಡನೆ ಡಬ್ಬಿಗೆ ಹಾಕಿ, ಹಿಗ್ಗಲು ಬೆರಳಗಲ ಜಾಗ ಬಿಡಿ. ಬೀಜ ಎಸೆಯಬೇಡಿ, ಮುರುಗಲ ತುಪ್ಪ ಬರುವುದು ಅದರಿಂದಲೇ.

ಒಮ್ಮೆಗೇ ಬುಟ್ಟಿಗಟ್ಟಲೆ ತುಂಬುವುದು ಬೇಡ. ಸೊನ್ನೆ ಡಿಗ್ರಿಯ ನೀರನ್ನು ಮಂಜುಗಡ್ಡೆಯಾಗಿಸಲು ತೆಗೆಯಬೇಕಾದ ಶಾಖ, ಅದೇ ನೀರನ್ನು 80 ಡಿಗ್ರಿಯಿಂದ ಸೊನ್ನೆಗೆ ಇಳಿಸುವಷ್ಟು. ಸಣ್ಣ ಫ್ರೀಜರ್‌ಗೆ ದಿನಕ್ಕೊಂದು ಕಿಲೋ ಸಾಕು.

ಮಳೆಗಾಲದಲ್ಲಿ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ತುಂಬಿದ ದೊಡ್ಡ ಫ್ರೀಜರ್ ಸುಮಾರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಂಪು ಹಿಡಿದಿಡುತ್ತದೆ. ಫ್ರಿಜ್‌ನೊಳಗಿನ ಸಣ್ಣ ಫ್ರೀಜರ್‌ಗೆ ಅಷ್ಟು ತಾಳಿಕೆಯಿಲ್ಲ. ಹಣ್ಣಿನಲ್ಲಿ ಇನ್ನೂ ಹಿಮದ ಹರಳಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಪೂರ್ತಿ ಕರಗಿ ತಣ್ಣಗಿದ್ದರೆ ಅಂದೇ ಕುದಿಸಿ ಶರಬತ್ತು ಮಾಡಿ. ಬೆಚ್ಚಗಾಗಿ ಹುಳಿವಾಸನೆ ಬಂದಿದ್ದರೆ ಎಸೆಯಿರಿ.

ಬೆಟ್ಟದ ಹಣ್ಣನ್ನು ಪೇಟೆಗೆ ತಂದು ಮಾರುವ ಹಾಲಕ್ಕಿ ಸಮುದಾಯದ ಹೆಂಗಸರಿಗೆ ಮಳೆ ಹತ್ತಿರವಾದಂತೆ ಬೇಗ ಮಾರಿ ಮುಗಿಸುವ ಒತ್ತಡ. ಆ ವಾರಗಳಲ್ಲಿ ಮನೆಗೊಂದು ಕಿಲೋ ಹೆಚ್ಚು ಕೊಂಡರೆ ಅವರ ಕೈಗೆ ನಾಲ್ಕು ಕಾಸು ಸೇರುತ್ತದೆ, ಕಾಸು ತರುವ ಮರವನ್ನು ಯಾರೂ ಸುಮ್ಮನೆ ಕಡಿಯುವುದಿಲ್ಲ.